ಆಡುಬಾನ್ ಫ್ಲೆಮಿಂಗೊ: ಗೋಡೆಗೊಪ್ಪುವ ಮರುಮುದ್ರಣ

1827ರಿಂದ 1838ರವರೆಗೆ ಕೈಯಿಂದ ಬಣ್ಣ ತುಂಬಿ ಪ್ರಕಟವಾದ, ಅಮೆರಿಕದ ಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ಅವರ 435 ಹಕ್ಕಿಚಿತ್ರಗಳಲ್ಲಿ ನಾನು ನಡುಮನೆಗೆ ಆರಿಸಿಕೊಂಡದ್ದು ಫ್ಲೆಮಿಂಗೊ. ಹಕ್ಕಿಗಳನ್ನು ನಿಜಗಾತ್ರದಲ್ಲೇ ಚಿತ್ರಿಸಬೇಕೆಂಬ ಹಟದಿಂದ ಕಲಾವಿದರು ಅದರ ನೀಳ ಕತ್ತನ್ನು ಕಾಗದದೊಳಗೆ ಹಿಡಿಸಲು ಕೆಳಕ್ಕೆ ಬಾಗಿಸಿದ್ದಾರೆ. ಇಡೀ ಚಿತ್ರಕ್ಕೆ ಜೀವ ಬಂದಿರುವುದು ಆ ಬಾಗಿನಿಂದಲೇ. ಹೊಳಪಿಲ್ಲದ ದಪ್ಪ ಕಾಗದದ ಮೇಲಿನ ಈ ಪ್ರತಿಯಲ್ಲಿ ಗರಿಗಳ ಅಂಚಿನ ಸೂಕ್ಷ್ಮ ಗೆರೆಗಳೂ ಸ್ಪಷ್ಟವಾಗಿ ಕಾಣುತ್ತವೆ, ಗುಲಾಬಿ ಬಣ್ಣ ಮಾತ್ರ ತುಸು ಗಾಢವಾಯಿತೆನಿಸಿತು. ಹಳೆಯದೆಂದು ತೋರಿಸಲು ಹಿನ್ನೆಲೆಗೆ ಕೃತಕವಾದ ಕಂದು ಬಳಿಯದಿರುವುದು ಮುದ್ರಕರ ವಿವೇಕ. ಇಂಥ ಚಿತ್ರಕ್ಕೆ ಖಾಲಿ ಗೋಡೆಯೇ ಬೇಕು. ಸಣ್ಣ ಚಿತ್ರಗಳ ಗುಂಪಿನಲ್ಲಿ ಸೇರಿಸಿದರೆ ಸೊರಗುತ್ತದೆ. ತೆಳುವಾದ ಮರದ ಚೌಕಟ್ಟು ಸಾಕು. ನೇರ ಬಿಸಿಲು ಬೀಳದ ಗೋಡೆಯುಳ್ಳವರು ಇದನ್ನು ಧಾರಾಳವಾಗಿ ಕೊಳ್ಳಬಹುದು.