ಒಂದೇ ಹೆಂಚಿನ ಮನೆ, ನಾಲ್ಕು ರೆಂಡರ್

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಹೋಮ್‌ಸ್ಟೇ ಕಟ್ಟಬೇಕಿತ್ತು. ಹಳೇ ಮನೆಯ ಪಕ್ಕದಲ್ಲೇ, ಅದಕ್ಕೆ ಹೊಂದುವ ಹಾಗೆ ಮಂಗಳೂರು ಹೆಂಚಿನ ಮನೆ. ಮುಂದೆ ಉದ್ದನೆಯ ಜಗಲಿ, ಒಳಗೆ ರೆಡ್ ಆಕ್ಸೈಡ್ ನೆಲ, ಹಿಂದೆ ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಮರಗಳು. ಸ್ಕೆಚ್‌ಅಪ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮನೆಯ ಮಾಡೆಲ್ ಮುಗಿಸಿ, ಪ್ಲಾನ್ ಪ್ರಿಂಟ್ ಹಿಡಿದುಕೊಂಡು ಹೋದೆ. ತೋಟದ ಯಜಮಾನರು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. "ಫೋಟೋ ಥರ ತೋರಿಸಿ ಮಾರಾಯ್ರೆ, ಆಮೇಲೆ ಮಾತಾಡೋಣ" ಅಂದರು.

ಚಿಕ್ಕಮಗಳೂರಿನಲ್ಲಿ ನನ್ನ ಆಫೀಸ್ ಅಂದರೆ ಒಂದು ರೂಮು, ಒಂದು ಕಂಪ್ಯೂಟರ್. 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ‍್ಯಾಮ್. ಜುಲೈ ತಿಂಗಳು, ಮಳೆಗೆ ಸೈಟ್ ಕೆಲಸಗಳೆಲ್ಲ ನಿಂತಿದ್ದವು. ಕೈಯಲ್ಲಿ ಮೂರು ವಾರ ಇತ್ತು. ಹಾಗಾಗಿ ಅದೇ ಮನೆಯನ್ನು ನಾಲ್ಕು ಸಾಫ್ಟ್‌ವೇರ್‌ಗಳಲ್ಲಿ ರೆಂಡರ್ ಮಾಡಿ, ಅಂದರೆ ಮಾಡೆಲ್‌ನಿಂದ ಫೋಟೋದಂಥ ಚಿತ್ರ ತೆಗೆದು, ನೋಡಿದೆ: ಎನ್‌ಸ್ಕೇಪ್, ವಿ-ರೇ, ಟ್ವಿನ್‌ಮೋಷನ್, ಬ್ಲೆಂಡರ್‌ನ ಸೈಕಲ್ಸ್ ಅನ್ನುವ ರೆಂಡರ್ ಎಂಜಿನ್. ಮೂರೇ ನೋಟ ಇಟ್ಟುಕೊಂಡೆ. ಮಳೆ ಬಿಟ್ಟ ಮಧ್ಯಾಹ್ನದ ಜಗಲಿ, ಕೆಂಪು ನೆಲದ ಹಾಲ್, ರಾತ್ರಿ ದೀಪ ಹಾಕಿದ ಮುಂಭಾಗ. ಇಂಥದ್ದೇ ಇನ್ನೊಂದಾದ ಲ್ಯೂಮಿಯನ್ ಬಿಟ್ಟೆ. ಗೆಳೆಯನ ಕಂಪ್ಯೂಟರಿನಲ್ಲಿ ಒಂದೆರಡು ಗಂಟೆ ಮುಟ್ಟಿ ನೋಡಿದ್ದು ಬಿಟ್ಟರೆ ನನಗೆ ಅದರ ಅಭ್ಯಾಸ ಇಲ್ಲ.

ಮೊದಲ ದಿನವೇ ಒಂದು ದಡ್ಡತನ ಮಾಡಿದೆ. ಡಿಸೆಂಬರ್ ಮಧ್ಯಾಹ್ನ 12ಕ್ಕೆ ಬಿಸಿಲು ಹೇಗೆ ಬೀಳುತ್ತದೆ ಅಂತ ಒಂದು ಚಿತ್ರ ತೆಗೆದು ಯಜಮಾನರಿಗೆ ವಾಟ್ಸ್‌ಆಪ್ ಮಾಡಿದೆ. ತಕ್ಷಣ ಫೋನ್ ಬಂತು. "ಚಿತ್ರ ಚೆನ್ನಾಗಿದೆ. ಆದ್ರೆ ನಮ್ಮ ಜಗಲಿ ಒಳಗೆ ಬಿಸಿಲು ಯಾವತ್ತೂ ಇಷ್ಟು ದೂರ ಬಂದಿಲ್ಲ." ಅವರು ಹೇಳಿದ್ದೇ ಸರಿ. ಸ್ಕೆಚ್‌ಅಪ್‌ನಲ್ಲಿ ಜಾಗ ಯಾವುದು ಅಂತ ಹೇಳದಿದ್ದರೆ ಅದು ತನ್ನ ಹುಟ್ಟೂರಾದ ಅಮೆರಿಕದ ಬೋಲ್ಡರ್ ಅಂತಲೇ ತಿಳಿದುಕೊಳ್ಳುತ್ತದೆ. ಕೊಲರಾಡೋ ರಾಜ್ಯದ ಆ ಊರು 40 ಡಿಗ್ರಿ ಉತ್ತರದಲ್ಲಿದೆ, ನಾವು 13ರಲ್ಲಿ. ಡಿಸೆಂಬರ್ ಮಧ್ಯಾಹ್ನ ಅಲ್ಲಿ ಸೂರ್ಯ ಸುಮಾರು 26 ಡಿಗ್ರಿ ಮಾತ್ರ ಏರುತ್ತಾನೆ. ನಮ್ಮಲ್ಲಿ 53. ಇನ್ನು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮಗೆ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಬೋಲ್ಡರ್‌ನಲ್ಲಿ ಅದು ಆಗುವ ಮಾತೇ ಅಲ್ಲ. ಎನ್‌ಸ್ಕೇಪ್ ಮತ್ತು ವಿ-ರೇ ಎರಡೂ ಸೂರ್ಯನನ್ನು ಸ್ಕೆಚ್‌ಅಪ್‌ನಿಂದಲೇ ತೆಗೆದುಕೊಳ್ಳುವುದರಿಂದ ತಪ್ಪು ಎರಡಕ್ಕೂ ಅಂಟಿತ್ತು. ಇಷ್ಟು ವರ್ಷ ಹೀಗೆ ಎಷ್ಟು ಮನೆಗಳಿಗೆ ಅಮೆರಿಕದ ಬಿಸಿಲು ಹಾಕಿದ್ದೆನೋ.

ಅದನ್ನು ಸರಿಮಾಡಿಕೊಂಡು ಎನ್‌ಸ್ಕೇಪ್‌ನಿಂದ ಶುರುಮಾಡಿದೆ. ಇದು ಸ್ಕೆಚ್‌ಅಪ್ ಒಳಗೇ ಕೂರುತ್ತದೆ. ಪಕ್ಕದಲ್ಲಿ ಒಂದು ಕಿಟಕಿ ತೆರೆದು, ನೀವು ಮಾಡೆಲ್‌ನಲ್ಲಿ ಕಂಬ ಜರುಗಿಸಿದರೆ ಅಲ್ಲೂ ಜರುಗುತ್ತದೆ. 4ಕೆ ಚಿತ್ರ ನನ್ನ ಮೆಷಿನ್‌ನಲ್ಲಿ ಅರ್ಧ ನಿಮಿಷದೊಳಗೆ ಬಂತು. ಪನೋರಮಾ ಮಾಡಿ ಅಪ್‌ಲೋಡ್ ಮಾಡಿದರೆ ಕ್ಯೂಆರ್ ಕೋಡ್ ಕೊಡುತ್ತದೆ. ಯಜಮಾನರ ಪತ್ನಿ ಅದನ್ನು ಫೋನಿನಲ್ಲಿ ತೆರೆದು, ಹಾಲ್ ನಡುವೆ ನಿಂತ ಹಾಗೆ ಸುತ್ತ ತಿರುಗಿ ತಿರುಗಿ ನೋಡಿದರು. "ಅಡುಗೆಮನೆ ಬಾಗಿಲು ಇಲ್ಲಿಂದ ಕಾಣಬಾರದು" ಅಂದರು. ಪ್ಲಾನ್‌ನಲ್ಲಿ ಆ ಬಾಗಿಲು ಎರಡು ತಿಂಗಳಿಂದ ಅಲ್ಲೇ ಇತ್ತು.

ಎನ್‌ಸ್ಕೇಪ್‌ನ ಒಂದು ತಮಾಷೆ ಹೇಳಲೇಬೇಕು. ಮೆಟೀರಿಯಲ್ ಹೆಸರಿನಲ್ಲಿ ಗ್ರಾಸ್ ಅನ್ನುವ ಪದ ಕಂಡರೆ ಅದು ತಾನೇ ಅಲ್ಲಿ ಹುಲ್ಲು ಬೆಳೆಸಿಬಿಡುತ್ತದೆ. ಅನುಕೂಲವೇ. ಆದರೆ ಬೆಡ್‌ರೂಮ್ ಗೋಡೆಗೆ ಹಾಕಿದ ತಿಳಿಹಸಿರು ಬಣ್ಣಕ್ಕೆ ನಾನು ಲೆಮನ್ ಗ್ರಾಸ್ ಅಂತ ಹೆಸರಿಟ್ಟಿದ್ದೆ. ಕಿಟಕಿ ತೆರೆದು ನೋಡಿದರೆ ಮಂಚದ ಹಿಂದಿನ ಗೋಡೆಯಿಂದ ಹುಲ್ಲು ಅಡ್ಡಡ್ಡ ಚಾಚಿಕೊಂಡಿದೆ!

ಕೊರತೆ ಕಂಡಿದ್ದು ಕೆಂಪು ನೆಲದಲ್ಲಿ. ಹತ್ತಾರು ವರ್ಷ ಒರೆಸಿ ಒರೆಸಿ ಹೊಳಪು ಬಂದ ರೆಡ್ ಆಕ್ಸೈಡ್ ನೆಲ ನೋಡಿದ್ದೀರಲ್ವಾ? ಕನ್ನಡಿ ಥರ ಅಲ್ಲ. ಕಿಟಕಿಯ ಬೆಳಕು ಅದರ ಮೇಲೆ ಉದ್ದಕ್ಕೆ ಎಳೆದ ಹಾಗೆ ಬಿದ್ದಿರುತ್ತದೆ, ಕೆಂಪು ಛಾಯೆ ಬಿಳಿ ಗೋಡೆಯ ಬುಡಕ್ಕೂ ಹತ್ತಿರುತ್ತದೆ. ಎನ್‌ಸ್ಕೇಪ್‌ನಲ್ಲಿ ನೆಲ ಒಂದೋ ಟೈಲ್ಸ್ ಥರ ಮಿಂಚಿತು, ಇಲ್ಲವೇ ಕೆಂಪು ರಟ್ಟಿನ ಥರ ಮಂಕಾಯಿತು. ನಡುವಿನದು ಸಿಗಲೇ ಇಲ್ಲ. ಕೂತು ಹೆಣಗಿದರೆ ಬರುತ್ತಿತ್ತೇನೋ, ನನಗಂತೂ ಬರಲಿಲ್ಲ.

ವಿ-ರೇಯಲ್ಲಿ ಅದೇ ನೆಲ ಮೊದಲನೇ ಪ್ರಯತ್ನಕ್ಕೇ ಕೂತಿತು. ಬಲ್ಗೇರಿಯದಲ್ಲಿ ಹುಟ್ಟಿದ ಕೇಯಾಸ್ ಕಂಪನಿಯ ಈ ಎಂಜಿನ್ ಬೆಳಕಿನ ಕಿರಣ ಗೋಡೆಯಿಂದ ನೆಲಕ್ಕೆ, ನೆಲದಿಂದ ಸೂರಿಗೆ ಪುಟಿಯುವುದನ್ನು ನಿಜವಾಗಿಯೂ ಲೆಕ್ಕ ಹಾಕುತ್ತದೆ. 2022ರಲ್ಲಿ ಎನ್‌ಸ್ಕೇಪ್ ಮತ್ತು ಕೇಯಾಸ್ ಒಂದಾದವು, ಹಾಗಾಗಿ ಎರಡೂ ಈಗ ಒಂದೇ ಮನೆಯ ಮಕ್ಕಳು. ರಾತ್ರಿಯ ನೋಟಕ್ಕೆ ವಿ-ರೇಯ ಲೈಟ್ ಮಿಕ್ಸ್ ಬಹಳ ಹಿಡಿಸಿತು. ರೆಂಡರ್ ಮುಗಿದ ಮೇಲೂ ಜಗಲಿಯ ಬಲ್ಬ್ ಮಾತ್ರ ಕಡಿಮೆ ಮಾಡಬಹುದು, ಹಾಲಿನ ದೀಪ ಹಳದಿ ಮಾಡಬಹುದು. ಮತ್ತೆ ರೆಂಡರ್ ಬೇಕಿಲ್ಲ.

ಆದರೆ ಕಾಯಬೇಕು. ಹಾಲಿನ 4ಕೆ ಚಿತ್ರಕ್ಕೆ 40 ನಿಮಿಷದ ಮೇಲೆ ಹಿಡಿಯಿತು. ಇಂಥ ಎಂಜಿನ್‌ಗಳಲ್ಲಿ ಚಿತ್ರ ಮೊದಲು ರವೆ ಚೆಲ್ಲಿದ ಹಾಗೆ ಕಾಣುತ್ತದೆ, ಸ್ಯಾಂಪಲ್, ಅಂದರೆ ಪ್ರತಿ ಚುಕ್ಕೆಗೆ ಲೆಕ್ಕ ಹಾಕುವ ಕಿರಣಗಳು, ಹೆಚ್ಚಿದಂತೆ ನುಣುಪಾಗುತ್ತದೆ. ಲೆಕ್ಕ ನಮ್ಮ ಪರ ಇಲ್ಲ. ರವೆ ಅರ್ಧಕ್ಕಿಳಿಯಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಬೇಕು. ರವೆ ಒರೆಸುವ ಡಿನಾಯ್ಸರ್ ಹಾಕಿ ಬೇಗ ಮುಗಿಸೋಣ ಅಂದರೆ, ಸ್ಯಾಂಪಲ್ ತೀರ ಕಡಿಮೆ ಇದ್ದಾಗ ಅದು ರವೆಯ ಜೊತೆ ಮರದ ಗೆರೆಗಳನ್ನೂ ಒರೆಸಿಹಾಕುತ್ತದೆ. ಬೀಟೆ ಮರದ ಬಾಗಿಲು ಪ್ಲಾಸ್ಟಿಕ್ ಬಾಗಿಲಾಗುತ್ತದೆ. ಮಲೆನಾಡಿನ ಜುಲೈನಲ್ಲಿ ಕರೆಂಟ್ ಕಥೆ ಬೇರೆ ಹೇಳಬೇಕಾ? ಎರಡು ಸಲ ಮುಕ್ಕಾಲು ಭಾಗ ಆದಮೇಲೆ ಹೋಯಿತು. ಯುಪಿಎಸ್ 15 ನಿಮಿಷ ತಡೆಯಿತು, ಆಮೇಲೆ ಅದೂ ಕೀಂ ಅಂದಿತು. ನಡುವೆ ನಿಂತದ್ದನ್ನು ಮುಂದುವರಿಸುವ ಆಯ್ಕೆ ವಿ-ರೇಯಲ್ಲಿದೆ. ಅದನ್ನು ಮೊದಲೇ ಆನ್ ಮಾಡಿಡಬೇಕು ಅಂತ ಗೊತ್ತಾದದ್ದು ಆಮೇಲೆ. ಜೊತೆಗೆ ವರ್ಷ ವರ್ಷ ಕಟ್ಟುವ ದುಡ್ಡು. ತಿಂಗಳಿಗೊಂದು ಮನೆ ಮಾಡುವ ನನ್ನಂಥವನಿಗೆ ಅದು ಸಲೀಸಲ್ಲ.

ಟ್ವಿನ್‌ಮೋಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಪಿಕ್ ಗೇಮ್ಸ್ ಇದನ್ನು 2019ರಲ್ಲಿ ಕೊಂಡುಕೊಂಡಿತು. ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಕಡಿಮೆ ವರಮಾನ ಇರುವವರಿಗೆ ಪುಕ್ಕಟೆ. ಆ ಷರತ್ತು ಓದಿ ಒಬ್ಬನೇ ನಕ್ಕೆ. ಹವಾಮಾನದ ಸ್ಲೈಡರ್ ಎಳೆದರೆ ಮಳೆ ಸುರಿಯುತ್ತದೆ, ಬೇಕೆಂದರೆ ಹಿಮವೂ ಬೀಳುತ್ತದೆ. ಮೂಡಿಗೆರೆ ಮನೆಯ ಮೇಲೆ ಹಿಮ ಬೀಳಿಸಿ ಮಕ್ಕಳಿಗೆ ತೋರಿಸಿದೆ. ಗೇಟಿನಿಂದ ಜಗಲಿಯವರೆಗೆ ನಡೆದು ಬರುವ ವಿಡಿಯೊ ಬೇಕಾದರೆ ನಾನು ಇದನ್ನೇ ತೆರೆಯುತ್ತೇನೆ. ಚಿತ್ರಕ್ಕೆ ಮಾತ್ರ ಅದರ ಮರಗಳು ಅಡ್ಡಬಂದವು. ಒಂದೊಂದೂ ಚೆಂದ, ಆದರೆ ಮನೆ ಯುರೋಪಿನ ಯಾವುದೋ ಪಾರ್ಕಿನಲ್ಲಿ ನಿಂತ ಹಾಗಿತ್ತು. ಈ ಗೋಳು ನಾಲ್ಕಕ್ಕೂ ಇದೆ ಅನ್ನಿ. ನಾನು ಹುಡುಕಿದ ಯಾವ ಲೈಬ್ರರಿಯಲ್ಲೂ ಮೆಣಸಿನ ಬಳ್ಳಿ ಸುತ್ತಿಕೊಂಡ ಸಿಲ್ವರ್ ಓಕ್ ಸಿಗಲಿಲ್ಲ. ಕೊನೆಗೆ ತೋಟದಲ್ಲೇ ಮೋಡ ಕವಿದ ಹೊತ್ತಿನಲ್ಲಿ ಮರಗಳ ಫೋಟೋ ತೆಗೆದು, ಕತ್ತರಿಸಿ, ಹಿಂದಿನ ಸಾಲಿಗೆ ಹಲಗೆಯಂತೆ ನಿಲ್ಲಿಸಿದೆ. ಬಿಸಿಲಿನಲ್ಲಿ ತೆಗೆದರೆ ಫೋಟೋದ ನೆರಳೇ ಒಂದು ಕಡೆ, ಮಾಡೆಲ್‌ನ ನೆರಳೇ ಒಂದು ಕಡೆ ಆಗುತ್ತದೆ.

ಬ್ಲೆಂಡರ್‌ಗೆ ಹೆಚ್ಚು ದಿನ ಹೋಯಿತು. ಸ್ಕೆಚ್‌ಅಪ್ ಫೈಲನ್ನು ಅದು ನೇರವಾಗಿ ತೆರೆಯುವುದಿಲ್ಲ. ಎಫ್‌ಬಿಎಕ್ಸ್ ಅನ್ನುವ ಬೇರೆ ಬಗೆಯ ಫೈಲ್ ಮಾಡಿ ಕೊಂಡೊಯ್ಯಬೇಕು. ಒಯ್ದಮೇಲೆ ಯಜಮಾನರು ಕಿಟಕಿ ಅರ್ಧ ಅಡಿ ಸರಿಸಿ ಅಂದರೆ ಎರಡೂ ಕಡೆ ಸರಿಸುವ ಕೆಲಸ. ಇದೇ ದೊಡ್ಡ ತೊಂದರೆ, ಅದನ್ನು ಮುಚ್ಚಿಡುವುದಿಲ್ಲ. ಪೂರ್ತಿ ಪುಕ್ಕಟೆ, ಯಾರ ಪರ್ಮಿಷನ್ನೂ ಬೇಡ, ಕಂಪ್ಯೂಟರಿನಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಇಷ್ಟಾದರೂ ನಾನು ಅದಕ್ಕೆ ಸೋತದ್ದು ಹೆಂಚಿನ ವಿಷಯದಲ್ಲಿ.

ಉಳಿದ ಮೂರರಲ್ಲೂ ನನ್ನ ಮಾಡು ಅಂದರೆ ಇಳಿಜಾರಿಗೆ ಅಂಟಿಸಿದ ಹೆಂಚಿನ ಚಿತ್ರ. ದೂರದಿಂದ ಸರಿ, ಸೂರಿನ ಅಂಚಿಗೆ ಕ್ಯಾಮೆರಾ ತಂದರೆ ಬಣ್ಣ ಬಯಲು. ಬ್ಲೆಂಡರ್‌ನಲ್ಲಿ ಒಂದೇ ಒಂದು ಹೆಂಚು ಮಾಡಿದೆ. ತೋಟದಿಂದ ಹಳೇ ಹೆಂಚೊಂದನ್ನು ತಂದು, ಟೇಬಲ್ ಮೇಲಿಟ್ಟು, ಸ್ಕೇಲ್ ಹಿಡಿದು ಅಳೆದು, ತೋಡು, ಕೊಕ್ಕೆ ಎಲ್ಲ ಸಮೇತ. ಅದನ್ನೇ ಸಾಲು ಸಾಲಾಗಿ ನಾಲ್ಕು ಸಾವಿರದಷ್ಟು ಜೋಡಿಸಿದೆ. ಎಲ್ಲವೂ ಒಂದೇ ಹೆಂಚಿನ ಇನ್‌ಸ್ಟೆನ್ಸ್, ಅಂದರೆ ಮೂಲವನ್ನೇ ಮತ್ತೆ ಮತ್ತೆ ತೋರಿಸುವ ನಕಲು, ಆದ್ದರಿಂದ ಮೆಮೊರಿ ಹೆಚ್ಚು ತಿನ್ನುವುದಿಲ್ಲ. ಬಣ್ಣ ಹೊಂದಿಸುವಲ್ಲಿ ಜೋಡಿಸುವ ಡಬ್ಬಿಗಳಿಗೆ ನೋಡ್ ಅನ್ನುತ್ತಾರೆ. ಆಬ್ಜೆಕ್ಟ್ ಇನ್ಫೋ ಅನ್ನುವ ನೋಡ್‌ನಲ್ಲಿ ರ‍್ಯಾಂಡಮ್ ಅಂತ ಒಂದಿದೆ. ಅದು ಪ್ರತಿ ಹೆಂಚಿಗೂ ಬೇರೆ ಬೇರೆ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯನ್ನು ಬಣ್ಣಕ್ಕೆ ಜೋಡಿಸಿದೆ. ಒಂದು ಹೆಂಚು ಸ್ವಲ್ಪ ಕಿತ್ತಳೆ, ಪಕ್ಕದ್ದು ಕಂದು, ಮತ್ತೊಂದು ಹೆಚ್ಚು ಬೆಂದ ಹಾಗೆ ಕಪ್ಪುಗೆಂಪು. ಅದೇ ಸಂಖ್ಯೆಯಿಂದ ಕೆಲವಕ್ಕೆ ಪಾಚಿಯ ಕಲೆಯನ್ನೂ ಬರಿಸಿದೆ. ಇನ್ನು ಕೆಲವನ್ನು ಒಂದು ಡಿಗ್ರಿ ವಾರೆ ಮಾಡಿದೆ.

ಬಣ್ಣದಲ್ಲೂ ಬ್ಲೆಂಡರ್ ಕೈಹಿಡಿಯಿತು. 2023ರ 4.0ರಿಂದ ಅದರಲ್ಲಿ ಎಜಿಎಕ್ಸ್ ಅನ್ನುವ ಬಣ್ಣದ ವ್ಯವಸ್ಥೆ ತಾನಾಗಿಯೇ ಬರುತ್ತದೆ. ಹಳೇ ಸ್ಟ್ಯಾಂಡರ್ಡ್‌ನಲ್ಲಿ ಸುಣ್ಣದ ಗೋಡೆಗೆ ಬೆಳಕು ಬಿದ್ದರೆ ಸುಟ್ಟ ಹಾಗೆ ಬಿಳುಪಾಗುತ್ತಿತ್ತು, ಹೆಂಚು ಟೊಮೆಟೊ ಆಗುತ್ತಿತ್ತು. ಈಗ ಎರಡೂ ತಮ್ಮ ತಮ್ಮ ಜಾಗದಲ್ಲಿರುತ್ತವೆ. ಆಕಾಶಕ್ಕೆ ಪಾಲಿ ಹೇವನ್ ವೆಬ್‌ಸೈಟ್‌ನಿಂದ ಮೋಡದ ಎಚ್‌ಡಿಆರ್‌ಐ ಒಂದನ್ನು, ಅಂದರೆ ಮಾಡೆಲ್‌ಗೆ ಬೆಳಕನ್ನೂ ಕೊಡುವ ಆಕಾಶದ ಫೋಟೋವನ್ನು, ಇಳಿಸಿಕೊಂಡೆ, ಅದೂ ಪುಕ್ಕಟೆ. ನೆರಳೇ ಇಲ್ಲದ, ಎಲ್ಲಾ ಕಡೆಯಿಂದ ಸೋರಿದ ಹಾಗೆ ಬರುವ ನಮ್ಮ ಮಳೆಗಾಲದ ಬೆಳಕು ನಾಲ್ಕರಲ್ಲಿ ಇಲ್ಲಿಯೇ ಚೆನ್ನಾಗಿ ಬಂತು. ಜಗಲಿಯ ಚಿತ್ರಕ್ಕೆ 512 ಸ್ಯಾಂಪಲ್ ಕೊಟ್ಟು, ಡಿನಾಯ್ಸರ್ ಸೇರಿ, 7 ನಿಮಿಷ ಹಿಡಿಯಿತು. ವಿ-ರೇಗಿಂತ ಬೇಗ ಅಂತ ಇದರಿಂದ ಹೇಳುವ ಹಾಗಿಲ್ಲ, ಚಿತ್ರದ ಅಳತೆಯೂ ಚಿಕ್ಕದಿತ್ತು, ಒಳಾಂಗಣಕ್ಕಿಂತ ಹೊರಾಂಗಣ ಯಾವಾಗಲೂ ಬೇಗ.

ಕೊನೆಗೆ ನಾನು ಉಳಿಸಿಕೊಂಡದ್ದು ಎರಡು. ಮಾತುಕತೆ ನಡೆಯುವಷ್ಟು ದಿನ ಎನ್‌ಸ್ಕೇಪ್. ಎದುರಿಗೆ ಕೂತವರು "ಇದು ಹೀಗೆ ಬೇಡ" ಅಂದ ಕೂಡಲೇ ಬದಲಿಸಿ ತೋರಿಸಲು ಬೇರೆ ಯಾವುದೂ ಆಗದು. ಬಾಗಿಲು ಕಿಟಕಿ ಎಲ್ಲ ಒಪ್ಪಿಗೆಯಾದ ಮೇಲೆ, ಗೋಡೆಗೆ ತೂಗುಹಾಕುವ ಎರಡು ಮೂರು ಚಿತ್ರಕ್ಕೆ ಬ್ಲೆಂಡರ್. ವಿ-ರೇ ಕೆಟ್ಟದ್ದು ಅಂತ ಅಲ್ಲ. ನಾಲ್ಕೈದು ಜನರ ಆಫೀಸ್ ಇದ್ದು, ಇಡೀ ದಿನ ಸ್ಕೆಚ್‌ಅಪ್‌ನಲ್ಲೇ ಇರುವವರಾದರೆ ಅದನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ.

ಆಗಸ್ಟ್ ಮೊದಲ ವಾರ ಪ್ರಿಂಟ್ ಹಿಡಿದುಕೊಂಡು ತೋಟಕ್ಕೆ ಹೋದೆ. ಯಜಮಾನರು ಸೂರಿನ ಅಂಚಿನ ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು. "ಇದು ನಮ್ಮ ಹಳೇ ಮನೆ ಫೋಟೋ ಅಲ್ವಾ?" ಅಂದರು. ನಾನು ಒಳಗೊಳಗೇ ಉಬ್ಬಿದೆ. ಪಕ್ಕದಲ್ಲಿ ಮೇಸ್ತ್ರಿ ನಿಂತಿದ್ದ. ಚಿತ್ರ ಕೈಗೆ ತೆಗೆದುಕೊಂಡು ಪಾಚಿಯ ಮೇಲೆ ಬೆರಳಿಟ್ಟ.

"ಸಾರ್, ಹೊಸ ಹೆಂಚಿಗೆ ಪಾಚಿ ಎಲ್ಲಿಂದ ಬರುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪಾಚಿ ತೆಗೆದು ಇನ್ನೊಂದು ಚಿತ್ರ ಕಳಿಸುತ್ತೇನೆ ಅಂದೆ. ಮೇಸ್ತ್ರಿ ತಲೆ ಅಲ್ಲಾಡಿಸಿದ. "ಹಂಗಲ್ಲ ಸಾರ್. ಹಿಂಗೇ ಬೇಕು ಅಂದ್ರೆ ಹೇಳಿ, ಸಕಲೇಶಪುರದ ಹತ್ರ ಒಂದು ಹಳೇ ಗೋಡೌನ್ ಬಿಚ್ತಾ ಇದಾರೆ. ಹೆಂಚು ಗಟ್ಟಿ ಇದೆ." ಯಜಮಾನರು ಚಿತ್ರ ನೋಡಿದರು, ಅವನನ್ನು ನೋಡಿದರು, ಎಷ್ಟು ಹೆಂಚು ಬೇಕಾಗುತ್ತದೆ ಅಂತ ನನ್ನನ್ನು ಕೇಳಿದರು. ಆ ಲೆಕ್ಕ ಬ್ಲೆಂಡರ್ ಫೈಲಿನಲ್ಲೇ ಇತ್ತು.