ಭತ್ತದ ಗದ್ದೆಗೆ ಜೆಜಿ-11 ಕಡಲೆ ಬೀಜ: ಬರ ತಾಳಿಕೆಯ ಲೆಕ್ಕದಲ್ಲಿ ಹೇಗೆ?

ಶಿಕಾರಿಪುರ ತಾಲ್ಲೂಕಿನ ನಮ್ಮ ಭಾಗದಲ್ಲಿ ಭತ್ತ ಕೊಯ್ದ ಗದ್ದೆಯ ಉಳಿಕೆ ತೇವವನ್ನೇ ನಂಬಿ ಕಡಲೆ ಬಿತ್ತುವವರು, ಬೀಜ ಕೊಳ್ಳುವಾಗ ಮೊದಲು ಕೇಳುವುದು ಅದು ಬರ ತಾಳುತ್ತದೆಯೇ ಎಂದು. ಕಡಲೆ ಗಿಡ ಬರವನ್ನು ಎದುರಿಸುವ ಬಗೆ ಒಂದೇ ಅಲ್ಲ. ಕೆಲವು ತಳಿಗಳು ಬೇಗ ಹೂ ಬಿಟ್ಟು, ನೆಲ ಪೂರ್ತಿ ಒಣಗುವ ಮೊದಲೇ ಕಾಯಿ ಬಲಿಸಿಕೊಳ್ಳುತ್ತವೆ; ಐಸಿಸಿ 4958ರಂಥವು ಬೇರನ್ನು ಆಳಕ್ಕಿಳಿಸಿ ಕೆಳಪದರದ ನೀರನ್ನು ಹೀರುತ್ತವೆ. ಮಧ್ಯ ಭಾರತಕ್ಕೆಂದು ಬಿಡುಗಡೆಯಾದ ಪೂಸಾ 10216 ತಳಿಗೆ ಈ ಗುಣ ಬಂದಿರುವುದು ಐಸಿಸಿ 4958ರಿಂದಲೇ. ಆಳವಾದ ಎರೆಭೂಮಿಯಲ್ಲಿ ಅಂಥ ಬೇರಿಗೆ ಬೆಲೆಯುಂಟು. ಆದರೆ ವರ್ಷವರ್ಷವೂ ಕೆಸರು ಮಾಡಿ ನಾಟಿ ಹಾಕುವ ಗದ್ದೆಯಲ್ಲಿ ಉಳುಮೆಯ ಆಳದ ಕೆಳಗೆ ಗಟ್ಟಿ ಪದರ ಕಟ್ಟಿಕೊಂಡಿರುವುದರಿಂದ, ಬೇರು ಅಲ್ಲಿಗೇ ತಡೆದು ಅಡ್ಡ ಹರಿಯುತ್ತದೆ. ನಮಗೆ ಬೇಕಾದದ್ದು ಬೇಗ ಮುಗಿಯುವ ತಳಿ.

1999ರಲ್ಲಿ ಬಿಡುಗಡೆಯಾದ ಜೆಜಿ-11 ಇಲ್ಲಿ ಒಪ್ಪುವುದು ಈ ಕಾರಣಕ್ಕೆ. ಸುಮಾರು 95ರಿಂದ 100 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಹಳೆಯ ಅಣ್ಣಿಗೇರಿ-1 ಕೂಡ ಅವಧಿಯಲ್ಲಿ ಹೆಚ್ಚು ಹಿಂದೆ ಬೀಳುವುದಿಲ್ಲ, ಅದರ ಸೋಲು ಸೊರಗು ರೋಗದಲ್ಲಿ. ರೋಗದಿಂದ ಬಾಡಿದ ಗಿಡವನ್ನು ನೀರಿಲ್ಲದೆ ಬಾಡಿತೆಂದು ತಿಳಿದು ತಳಿಯನ್ನು ದೂರುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥ ಗಿಡವನ್ನು ಕಿತ್ತು ಬುಡದ ಕಾಂಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದರೆ ಒಳಗೆ ಕಡುಕಂದು ಗೆರೆ ಕಾಣುತ್ತದೆ. ಬರೀ ನೀರಡಿಸಿದ ಗಿಡದಲ್ಲಿ ಆ ಗೆರೆ ಇರುವುದಿಲ್ಲ. ಜೆಜಿ-11ರಲ್ಲಿ ಈ ರೋಗಕ್ಕೆ ನಿರೋಧಕ ಶಕ್ತಿ ಇರುವುದರಿಂದ, ಒಣ ವರ್ಷದಲ್ಲೂ ಸಾಲುಗಳು ಬರಿದಾಗಲಿಲ್ಲ. ಅಣ್ಣಿಗೇರಿಯ ರುಚಿ ಬಿಡಲಾಗದವರಿಗೆ, ರೋಗ ನಿರೋಧಕ ಗುಣ ಸೇರಿಸಿದ ಸೂಪರ್ ಅಣ್ಣಿಗೇರಿ-1 ಇದೆ.

ಕೊರತೆಗಳೂ ಇವೆ. ಜೆಜಿ-11ರ ಕಾಳು ಅಣ್ಣಿಗೇರಿಗಿಂತ ದಪ್ಪವಾದ್ದರಿಂದ ಎಕರೆಗೆ ಬೀಜ ಹೆಚ್ಚು ಬೇಕು, ಖರ್ಚೂ ಅದಕ್ಕೆ ತಕ್ಕಂತೆ ಏರುತ್ತದೆ. ಕಾಯಿಕೊರಕ ಹುಳುವಿಗಂತೂ ಇದೂ ಬಲಿ. ಭತ್ತದ ಕೊಯ್ಲು ತಡವಾಗಿ ಬಿತ್ತನೆ ಡಿಸೆಂಬರಿಗೆ ಜಾರಿದರೆ ಕಾಯಿ ತುಂಬುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಆಗ ಜೊಳ್ಳು ಕಾಯಿಗಳೇ ಹೆಚ್ಚು.

ನಾನು ಕೊಂಡ ಅಂಗಡಿಯ ಒಂದು ಚೀಲದಲ್ಲಿ ಹುಳು ಕೊರೆದ ಕಾಳುಗಳಿದ್ದವು, ಬದಲಾಯಿಸಿ ಕೊಡಲು ಅವರು ಒಪ್ಪಲಿಲ್ಲ. ಕೊಳ್ಳುವವರು ಪ್ರಮಾಣಿತ ಬೀಜದ ನೀಲಿ ಚೀಟಿಯನ್ನೂ ಅದರ ಮೇಲಿನ ಅವಧಿಯನ್ನೂ ನೋಡಿ, ಹಣ ಕೊಡುವ ಮೊದಲೇ ಒಂದು ಹಿಡಿ ಕಾಳನ್ನು ಅಂಗೈಗೆ ಸುರಿಸಿಕೊಂಡು ಪರೀಕ್ಷಿಸುವುದು ಒಳ್ಳೆಯದು.