ಫ್ಲ್ಯಾಶ್‌ಗೆ ಕೊಡೆಯೋ, ಸಾಫ್ಟ್‌ಬಾಕ್ಸೋ?

ಬಾಗಲಕೋಟೆಯ ಮನೆಯೊಳಗೆ ಇಳಕಲ್ ಸೀರೆ ಉಟ್ಟ ಅಜ್ಜಿಯ ಫೋಟೋ ತೆಗೆಯಬೇಕಾ? ಫ್ಲ್ಯಾಶ್ ಬೆಳಕನ್ನು ಮೃದು ಮಾಡಲು ನಾನಾದರೆ ಬಿಳಿ ಬಟ್ಟೆಯ ಮುಖವಿರುವ ಪೆಟ್ಟಿಗೆ, ಅಂದರೆ ಸಾಫ್ಟ್‌ಬಾಕ್ಸನ್ನೇ ಆರಿಸುತ್ತೇನೆ. ಫ್ಲ್ಯಾಶ್ ಮುಂದೆ ಹಿಡಿಯುವ ಬಿಳಿ ಕೊಡೆಯ ಬೆಳಕು ಎಲ್ಲ ಕಡೆ ಚೆಲ್ಲುತ್ತದೆ. ಚಿಕ್ಕ ಕೋಣೆಯಲ್ಲಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಗೋಡೆ ಹಸಿರಾಗಿದ್ದರೆ ಮುಖಕ್ಕೂ ಹಸಿರು ಛಾಯೆ. ಸಾಫ್ಟ್‌ಬಾಕ್ಸ್ ಬೆಳಕನ್ನು ಒಂದೇ ಕಡೆ ಕಳಿಸುತ್ತದೆ. ಅದರ ಮುಂದೆ ಗ್ರಿಡ್ (ಚೌಕುಳಿ ಜಾಲರಿ) ಹಾಕಿದರೆ ಹಿಡಿತ ಇನ್ನೂ ಜಾಸ್ತಿ. ಪಕ್ಕದಿಂದ ಬೆಳಕು ಕೊಟ್ಟು ನೋಡಿ, ರೇಷ್ಮೆ ಸೆರಗಿನ ಹೊಳಪು, ಮುಖದ ಗೆರೆ ಎರಡೂ ಎಷ್ಟು ಚೆಂದ! 60 ಸೆಂ.ಮೀ. ಅಗಲದ್ದು ಸಾಕು, ಆದರೆ ಅಜ್ಜಿಯಿಂದ ಒಂದು ಮೀಟರ್ ಒಳಗೇ ಇಡಿ. ದೂರ ಹೋದಷ್ಟೂ ನೆರಳಿನ ಅಂಚು ಗಡುಸಾಗುತ್ತದೆ.

ಕೊಡೆ ಅಗ್ಗ, ಮಡಚುವುದೂ ಸುಲಭ. ಮನೆಮಂದಿಯೆಲ್ಲ ಸೇರಿದ ಗುಂಪು ಫೋಟೋಗೆ ಅದೇ ಒಳ್ಳೆಯದು. ಆಲಮಟ್ಟಿ ಹಿನ್ನೀರಿನ ದಂಡೆಯ ಗಾಳಿಗೆ ಮಾತ್ರ ಎರಡೂ ಉರುಳಬಹುದು. ಸ್ಟ್ಯಾಂಡಿಗೆ ಮರಳಿನ ಚೀಲ ಕಟ್ಟಿ.